ನಿದ್ದೆಯಮ್ಮ ಕಣ್ಣು ಬಿಟ್ಟಳು

ನಮ್ಮ ಬೀದಿಯಲ್ಲಿ ಸತ್ತವರು ಎರಡು ದಿನದೊಳಗೆ ಕಣ್ಣು ಬಿಡುತ್ತಿದ್ದರು. ಪವಾಡವೇನಲ್ಲ, ನನ್ನ ಅಂಗಡಿಯ ಪಕ್ಕದ ಫೋಟೋ ಸ್ಟುಡಿಯೋದವನ ಕೈಚಳಕ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳಿ ಎಂದರೆ ‘ಈಗ್ಯಾಕೆ, ನಾನೇನು ಓಡಿಹೋಗ್ತೀನಾ’ ಎನ್ನುವ ಜನ ನಾವು. ಓಡಿಹೋದ ಮೇಲೆ ಮನೆಯವರು ಹೆಣದ ಫೋಟೋ ಹಿಡಿದುಕೊಂಡು ಸ್ಟುಡಿಯೋಕ್ಕೆ ಬರುತ್ತಾರೆ. ಅವನು ಅದನ್ನು ಕಂಪ್ಯೂಟರಿಗೆ ಹಾಕಿ, ತಲೆ ಬಾಚಿ, ಕೋಟು ತೊಡಿಸಿ, ಕೊನೆಗೆ ಎರಡು ಕಣ್ಣು ಅಂಟಿಸಿ ಕೊಡುತ್ತಾನೆ. ಕಣ್ಣುಗಳಿಗೆಂದೇ ಅವನ ಕಂಪ್ಯೂಟರಿನಲ್ಲಿ ಒಂದು ಉಗ್ರಾಣವಿದೆ. ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದು ಕೂತ ಊರಿನವರಿಂದ ಕತ್ತರಿಸಿ ಇಟ್ಟುಕೊಂಡ ಕಣ್ಣುಗಳು. ಹಾಲಿನವನ ಅಪ್ಪ ಇವತ್ತಿಗೂ ಗೋಡೆಯ ಮೇಲಿಂದ ಅಂಚೆ ಕಚೇರಿಯ ಜವಾನನ ಕಣ್ಣಲ್ಲಿ ಮನೆಯವರನ್ನು ನೋಡುತ್ತಿದ್ದಾನೆ. ಮನೆಯವರಿಗೆ ತೃಪ್ತಿ. ಜವಾನನಿಗೆ ವಿಷಯ ಗೊತ್ತಿಲ್ಲ.

ಅವನಿಗೆ ನಾವಿಟ್ಟ ಹೆಸರು ಗದ್ದಪ್ಪ. ಯಾರು ಕ್ಯಾಮೆರಾದ ಮುಂದೆ ಕೂತರೂ ‘ಗದ್ದ ಸ್ವಲ್ಪ ಮೇಲೆ’ ಎನ್ನದೆ ಬಿಟ್ಟವನಲ್ಲ. ಗದ್ದ ಸರಿಯಾಗಿಯೇ ಇದ್ದವರಿಗೂ ಹೇಳುತ್ತಿದ್ದ. ಗದ್ದವೇ ಇಲ್ಲದವರಿಗೂ ಹೇಳುತ್ತಿದ್ದ.

ಹೋದ ವರ್ಷ ಅವನ ಹೆಂಡತಿ ತೀರಿಕೊಂಡಳು. ಊರಿನ ಹೆಣಗಳಿಗೆಲ್ಲ ಕಣ್ಣು ಕೊಟ್ಟವನ ಹತ್ತಿರ ಹೆಂಡತಿಗೆ ಹಾಕಲು ಕಣ್ಣಿರಲಿಲ್ಲ. ಆ ಹೆಣ್ಣುಮಗಳದ್ದು ಒಂದು ವಿಚಿತ್ರ. ಗಂಡ ಕ್ಯಾಮೆರಾ ಎತ್ತಿದ ಎಂದರೆ ರೆಪ್ಪೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮದುವೆ ಆಲ್ಬಮ್ಮಿನಲ್ಲಿ ಮುಚ್ಚಿದ ಕಣ್ಣು, ಮಗಳನ್ನು ಎತ್ತಿಕೊಂಡ ಫೋಟೋದಲ್ಲಿ ಮುಚ್ಚಿದ ಕಣ್ಣು. ಗುರುತಿನ ಚೀಟಿ ಮಾಡಿಸಲು ಹೋದಾಗ ಗುಮಾಸ್ತ ಫೋಟೋ ನೋಡಿ, “ಅಮ್ಮಾ, ಬದುಕಿರೋರಿಗೆ ಮಾತ್ರ ಕೊಡೋದು” ಎಂದಿದ್ದ. ಆಗ ಗಂಡನೇ ಉಗ್ರಾಣದಿಂದ ಯಾರದೋ ಎರಡು ಕಣ್ಣು ಹಾಕಿಕೊಟ್ಟು ಕೆಲಸ ಮುಗಿಸಿದ್ದ. ಬೇರೆಯವರು ಮೊಬೈಲ್ ಎತ್ತಿದರೆ, “ಅಯ್ಯೋ, ನಮ್ಮನೇಲೇ ಫೋಟೋದವರಿದ್ದಾರಲ್ಲ” ಎಂದು ನಕ್ಕು ಎದ್ದುಹೋಗುತ್ತಿದ್ದಳು.

ಅವರ ಒಬ್ಬಳೇ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನ ಹಾಗೆ ಮೆತ್ತಗಿನ ಪಿಂಡವಲ್ಲ. ತಾಯಿ ತೀರಿಕೊಂಡ ವಾರವೇ ಹೇಳಿದಳು: “ಅಪ್ಪಾ, ಗೋಡೆಗೆ ಅಮ್ಮನ ಫೋಟೋ ಬೇಕು. ಕಣ್ಣು ಬಿಟ್ಟಿರಬೇಕು. ಅಮ್ಮನದೇ ಕಣ್ಣಾಗಿರಬೇಕು.”

ಗದ್ದಪ್ಪ ಒಂದು ಫೋಟೋ ಮಾಡಿ ತಂದ.

“ಇದು ಹಾಲಿನಂಗಡಿಯವಳ ಕಣ್ಣು” ಎಂದಳು.

ಇನ್ನೊಂದು ತಂದ.

“ಇದು ನಮ್ಮ ಲೆಕ್ಕದ ಟೀಚರ್. ಶಾಲೆ ಮುಗಿಯೋವರೆಗೂ ಈ ಕಣ್ಣಿಗೆ ಹೆದರಿದ್ದೀನಿ. ನಂಗೆ ಗೊತ್ತಾಗಲ್ವಾ?”

ಮತ್ತೊಂದು ತಂದ. ಅದನ್ನು ನೋಡಿ ಕೈಯಲ್ಲಿದ್ದ ಲೋಟವನ್ನು ಕುಕ್ಕಿದಳು. “ಅಪ್ಪಾ, ಇದು ಗಂಡಸಿನ ಕಣ್ಣು!”

ಆ ಗಂಡಸು ನಾನೇ ಎಂದು ಆಮೇಲೆ ತಿಳಿಯಿತು. ನನ್ನ ಹೆಂಡತಿ ಆ ವಿಷಯವನ್ನು ಇನ್ನೂ ಕ್ಷಮಿಸಿಲ್ಲ. ನಾನೇನು ಮಾಡಿದೆ? ಡ್ರೈವಿಂಗ್ ಲೈಸೆನ್ಸಿಗೆ ಫೋಟೋ ತೆಗೆಸಿಕೊಂಡಿದ್ದೆ, ಅಷ್ಟೆ.

ಅಂದಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಾಳೆ, ಬಟ್ಟೆ ಮಡಿಸುತ್ತಾಳೆ, ಮಾತಿಲ್ಲ. ಅವರ ಮನೆಯ ಗೋಡೆಯಲ್ಲಿ ಬರಿಯ ಮೊಳೆಯೊಂದಿತ್ತು. ಗದ್ದಪ್ಪ ಅದರ ಕೆಳಗೆ ಕೂತು ಊಟ ಮಾಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಅವನ ಭಾವಮೈದ ಸ್ಟುಡಿಯೋಕ್ಕೆ ಬಂದ. ಹೆಂಡತಿಯ ತಮ್ಮ. ಊರಿನ ಮ್ಯೂಸಿಯಮ್ಮಿನ ಮೇಲ್ವಿಚಾರಕ. ಮಾತು ಕಡಿಮೆ, ಅಂಗಿಯ ಗುಂಡಿ ಕತ್ತಿನವರೆಗೆ ಹಾಕುವ ಮನುಷ್ಯ.

“ಭಾವ, ಮೇಲಿಂದ ಆದೇಶ ಬಂದಿದೆ. ಮ್ಯೂಸಿಯಮ್ಮಿನ ಒಂದೊಂದು ಸಾಮಾನಿನದ್ದೂ ಫೋಟೋ ಆಗಬೇಕು. ನಾಳೆ ಬೆಂಕಿ ಬಿತ್ತು, ನೀರು ನುಗ್ಗಿತು, ಕಳ್ಳ ಹೊತ್ಕೊಂಡು ಹೋದ ಅಂತಿಟ್ಕೋ. ಫೋಟೋ ನೋಡಿ ‘ಇದು ಹೀಗಿತ್ತು’ ಅನ್ನೋ ಹಾಗಿರಬೇಕು.”

“ಬಿಡು, ನಾನಿದ್ದೀನಲ್ಲ.”

“ಅದೇ ಭಯ ನಂಗೆ. ಇದ್ದದ್ದು ಇದ್ದ ಹಾಗೇ ಬರಬೇಕು ಭಾವ.”

“ಏ, ನನಗೇ ಹೇಳಿಕೊಡ್ತೀಯಾ?”

ಮಾರನೆಯ ದಿನ ಸ್ಟುಡಿಯೋದ ಬೋರ್ಡಿನ ಕೆಳಗೆ ಹೊಸ ಸಾಲು ಬಂತು: ‘ಪ್ರಾಚೀನ ವಸ್ತುಗಳ ಅಧಿಕೃತ ಛಾಯಾಗ್ರಾಹಕರು’. ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಬಂದು ಓದಿ, “ನಮ್ಮತ್ತೇನ ಕರ್ಕೊಂಡು ಬರಲಾ?” ಎಂದು ಕೇಳಿದ. ಗದ್ದಪ್ಪ ಗಂಭೀರವಾಗಿ, “ಸರ್ಕಾರದ್ದು ಮಾತ್ರ ತಗೊಳ್ಳೋದು” ಎಂದ.

ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳ ಬೀಗಗಳು ತುಕ್ಕು ಹಿಡಿದು ಕೂತಿದ್ದವು. ನನ್ನದು ಬೀಗ ರಿಪೇರಿ ಅಂಗಡಿ. ಹಾಗಾಗಿ ನನ್ನನ್ನೂ ಕರೆದರು. ನಾನು ಎಣ್ಣೆ ಹಾಕಿ, ತಟ್ಟಿ, ಬೈದು ಒಂದೊಂದೇ ಬೀಗ ತೆರೆಯುವುದು, ಅವನು ಫೋಟೋ ಹೊಡೆಯುವುದು. ಒಳ್ಳೆಯ ಕೆಲಸವೇ. ಆದರೆ ಆ ಮನುಷ್ಯ ಕಂಚಿನ ಬೊಂಬೆಯ ಹಣೆ ಹೊಳೆಯುತ್ತದೆಂದು ಪೌಡರು ಹಚ್ಚಲು ಹೋದ. ಭಾವಮೈದ ಕೈ ಹಿಡಿದು ನಿಲ್ಲಿಸಿದ. ಮಣ್ಣಿನ ಹೂಜಿಯ ಹಿಂದೆ ಜಲಪಾತದ ಪರದೆ ಕಟ್ಟಿದ. ಅದನ್ನೂ ಬಿಚ್ಚಿಸಿದರು. ವಸ್ತುವಿನ ಪಕ್ಕದಲ್ಲಿ ಇಡಲು ಕಪ್ಪುಬಿಳುಪಿನ ಅಳತೆಪಟ್ಟಿ ಕೊಟ್ಟರೆ, “ಇದ್ಯಾಕೆ? ಇವರಿಗೇನು ಚಡ್ಡಿ ಹೊಲಿಸ್ತೀರಾ?” ಎಂದು ಕೇಳಿದ. ಯಾವುದೋ ಹಳೆಯ ದೊರೆಯ ಅರ್ಧಪ್ರತಿಮೆಯ ಮುಂದೆ ನಿಂತು, ದೇವರಾಣೆ, “ಗದ್ದ ಸ್ವಲ್ಪ ಮೇಲೆ” ಎಂದ.

ಕೊನೆಗೆ ಉಳಿದದ್ದು ಒಳಕೋಣೆಯ ಪೆಟ್ಟಿಗೆ. ಅದರಲ್ಲಿದ್ದದ್ದು ಒಂದು ಕಲ್ಲಿನ ಹೆಣ್ಣುಮುಖ, ಕತ್ತಿನಿಂದ ಮೇಲಕ್ಕೆ ಮಾತ್ರ. ಎಂದೋ ಬಾವಿ ತೋಡುವಾಗ ಸಿಕ್ಕಿದ್ದಂತೆ. ಕಣ್ಣು ಮುಚ್ಚಿಕೊಂಡಿರುವುದರಿಂದ ಊರಿನವರು ಅದನ್ನು ನಿದ್ದೆಯಮ್ಮ ಎನ್ನುತ್ತಾರೆ. ಮ್ಯೂಸಿಯಮ್ಮಿಗೆ ಹೆಸರು ಬಂದಿದ್ದೇ ಅವಳಿಂದ.

ಗದ್ದಪ್ಪ ಫ್ಲಾಶ್ ಹೊಡೆದ. ಕ್ಯಾಮೆರಾದ ಹಿಂದೆ ನೋಡಿದ.

“ಥೂ, ಮುಚ್ಚಿಬಿಟ್ಲು” ಎಂದ. ಮತ್ತೆ ಹೊಡೆದ. “ಮತ್ತೆ ಮುಚ್ಚಿದ್ಲು.”

“ಅದು ಕಲ್ಲು ಕಣಯ್ಯಾ!” ಎಂದು ನಾನು ಕಿರುಚಿದೆ.

“ಹೌದಲ್ಲ” ಎಂದ. ಆದರೂ ಅಲ್ಲಾಡಲಿಲ್ಲ. “ಇನ್ನೊಂದೇ ಒಂದು” ಎಂದು ಆ ಕಲ್ಲಿಗೆ ಹೇಳಿದ. ಭಾವಮೈದ ಮುಖ ತಿರುಗಿಸಿ ಕಿಟಕಿ ಒರೆಸತೊಡಗಿದ. ಕಿಟಕಿ ಚೊಕ್ಕವಾಗಿಯೇ ಇತ್ತು.

ಸ್ಟುಡಿಯೋಕ್ಕೆ ಬಂದು ಗದ್ದಪ್ಪ ತನಗೆ ತಿಳಿದಂತೆ ಸೇವೆ ಮಾಡಿದ. ಬಿರುಕು ಬಿಟ್ಟ ಹೂಜಿಯ ಬಿರುಕು ಮುಚ್ಚಿದ. ದೊರೆಯ ಮುರಿದ ಕಿವಿಗೆ ಕಿವಿ ಕೊಟ್ಟ. ಅಳತೆಪಟ್ಟಿಗಳನ್ನೆಲ್ಲ ಅಳಿಸಿಹಾಕಿದ. ನಿದ್ದೆಯಮ್ಮನಿಗೆ ಕಣ್ಣು ತೆರೆಸಿದ. ಇದರಲ್ಲಿ ಕಪಟವೇನೂ ಇರಲಿಲ್ಲ. ಕಣ್ಣು ಮುಚ್ಚಿದ ಫೋಟೋ ಕೊಟ್ಟರೆ ಗಿರಾಕಿ ಒಪ್ಪುತ್ತಾನೆಯೇ? ಭಾವಮೈದನಿಗೆ ಗಡುವು ತಲೆಯ ಮೇಲಿತ್ತು. ಎಲ್ಲವನ್ನೂ ಬಿಡಿಸಿ ನೋಡದೆ ಮೇಲಿನ ಕಚೇರಿಗೆ ಕಳಿಸಿಬಿಟ್ಟ.

ಮೇಲಿನ ಕಚೇರಿಯವರು ಎಲ್ಲ ಫೋಟೋಗಳಲ್ಲಿ ಆ ಕಲ್ಲಿನ ಮುಖವನ್ನೇ ಆರಿಸಿ, ಮನೆಯೆತ್ತರದ ಬ್ಯಾನರ್ ಮಾಡಿಸಿ ಮ್ಯೂಸಿಯಮ್ಮಿನ ಗೇಟಿಗೆ ಕಳಿಸಿದರು. ನಮ್ಮ ಬೀದಿಯವರಿಗೆ ಆ ಕಡೆ ಕೆಲಸವಿಲ್ಲ, ಅಂಗಡಿ ಬಿಟ್ಟು ನೋಡಲು ಯಾರೂ ಹೋಗಲಿಲ್ಲ. ಅದನ್ನು ಕಟ್ಟಿದ ದಿನ ಭಾವಮೈದ ಕೆಳಗೆ ನಿಂತು ತುಂಬ ಹೊತ್ತು ನೋಡಿದನಂತೆ. ಇಳಿಸಿ ಎನ್ನಬೇಕಾದವನು ಅವನು. ಎನ್ನಲಿಲ್ಲ. ಏಣಿಯವರಿಗೆ, “ಎಡಗಡೆ ಸ್ವಲ್ಪ ಜೋಲುತ್ತೆ, ಬಿಗಿ ಮಾಡಿ” ಎಂದನಂತೆ.

ಆಮೇಲೆ ಶುರುವಾಯಿತು. ಶಿಲ್ಪಗಳ ಬಗ್ಗೆ ದಪ್ಪ ಪುಸ್ತಕ ಬರೆದ ಪ್ರೊಫೆಸರೊಬ್ಬರು ಬ್ಯಾನರ್ ನೋಡಿ ಪತ್ರಿಕೆಯಲ್ಲಿ ಅರ್ಧಪುಟ ಬರೆದರು. ಈ ನೋಟ ಸಾವಿರ ವರ್ಷದ ಹಿಂದಿನ ಶಿಲ್ಪಿ ಮಾತ್ರ ಕಾಣಬಲ್ಲ ನೋಟ, ಇಂಥ ಕಣ್ಣುಗಳುಳ್ಳ ಹೆಂಗಸರು ಈಗಿನ ಕಾಲದಲ್ಲಿ ಹುಟ್ಟುವುದೇ ಇಲ್ಲ ಎಂದು ಅವರ ವಾದ. ಅದನ್ನು ಓದಿ ಜನ ಮ್ಯೂಸಿಯಮ್ಮಿಗೆ ನುಗ್ಗಿದರು. ಒಳಗೆ ಹೋದರೆ ಕಲ್ಲು ಕಣ್ಣು ಮುಚ್ಚಿಕೊಂಡು ಕೂತಿದೆ.

“ಹೊರಗೆ ಕಣ್ಣು ಬಿಡ್ತಾಳೆ, ಒಳಗೆ ಮುಚ್ಕೋತಾಳೆ. ಟಿಕೆಟ್ ತಗೊಂಡೋರಿಗೆ ಅವಮಾನನಾ?” ಎಂದು ಒಬ್ಬ ಗಲಾಟೆ ಎಬ್ಬಿಸಿದ. ಪ್ರೊಫೆಸರ್ ತಾವೇ ಬಂದರು. ‘ಇವಳು ಎಂದೂ ಕಣ್ಣು ಬಿಟ್ಟವಳಲ್ಲ’ ಎಂದ ಊರಿನವರಿಗೆ, ‘ಸರ್ಕಾರದ ಫೋಟೋ ಸುಳ್ಳು ಹೇಳುತ್ತದೆಯೇ?’ ಎಂದರು. ಗಾಜಿಗೆ ಮೂಗು ಒತ್ತಿ ನೋಡಿ ಹಿಂದಕ್ಕೆ ಸರಿದು, “ಇದು ನಕಲಿ! ಅಸಲಿಯನ್ನು ಯಾರೋ ಮಾರಿಕೊಂಡಿದ್ದಾರೆ!” ಎಂದು ಘೋಷಿಸಿದರು. ಯಾರೋ ಎಂದರೆ ಯಾರು? ಬೀಗದ ಕೈ ಇದ್ದವನು. ಭಾವಮೈದನನ್ನು ಕೆಲಸದಿಂದ ಅಮಾನತು ಮಾಡಿದರು. ಅವನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಕಳ್ಳನೇ ಎಂದು ಎಲ್ಲರೂ ತೀರ್ಮಾನಿಸಿದರು. ನನ್ನ ಹೆಂಡತಿ ಮಾತ್ರ, “ಕದ್ದೋನು ಅಷ್ಟು ಹೊತ್ತು ಸುಮ್ಮನಿರಲ್ಲ, ಬಾಯಿ ಮಾಡ್ತಾನೆ” ಎಂದಳು.

ಮಾವ ಬೀಗದ ಕೈ ಒಪ್ಪಿಸಲು ಹೋಗಿದ್ದಾನೆಂದು ಕೇಳಿ, ಅವನನ್ನು ಮಾತಾಡಿಸಲೆಂದು ಮಗಳು ಮ್ಯೂಸಿಯಮ್ಮಿಗೆ ಹೋದಳು. ಹೋದ ವೇಗದಲ್ಲೇ ವಾಪಸ್ಸು ಬಂದಳು. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೀಲಿ ಉಜ್ಜುತ್ತಿದ್ದೆ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಸ್ಟುಡಿಯೋದೊಳಗೆ ಹೋಗಿ ಅಪ್ಪನ ಮುಂದೆ ನಿಂತಳು. ತಿಂಗಳುಗಟ್ಟಲೆ ಬಿಟ್ಟ ಮಾತು ಅಂದು ಹೊರಟಿತು.

“ಅಪ್ಪಾ, ಅಮ್ಮ ಎಲ್ಲಿ ಸಿಕ್ಕಿದ್ಲು?”

“ಯಾವ ಅಮ್ಮ?”

“ನಮ್ಮಮ್ಮ! ಮ್ಯೂಸಿಯಮ್ಮಿನ ಗೇಟಲ್ಲಿ ನಿಂತಿದ್ದಾಳಲ್ಲ!”

ಗದ್ದಪ್ಪ ಪಿಳಿಪಿಳಿ ನೋಡಿದ. “ಅದಾ? ಅದು ಕಲ್ಲಲ್ವಾ. ಉಗ್ರಾಣದಲ್ಲಿರೋ ಯಾವ ಕಣ್ಣೂ ಕೂರಲಿಲ್ಲ ಕಣಮ್ಮ. ಕಲ್ಲಿನ ಮುಖಕ್ಕೆ ಮನುಷ್ಯರದ್ದು ಹೊಂದಲ್ಲ ನೋಡು. ಅದಕ್ಕೇ ಕೈಯಲ್ಲೇ ಬರೆದೆ.”

“ಯಾರನ್ನ ನೋಡಿ ಬರೆದೆ?”

“ಯಾರನ್ನೂ ಇಲ್ಲ. ಸುಮ್ಮನೆ ಬರೆದೆ. ಒಂದೇ ಸಲಕ್ಕೆ ಬಂತು.”

ಮಗಳು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅದು ಈಗ ಕಳವಿನ ಮಾಲಾಗಿ ಸರ್ಕಾರದ ವಶದಲ್ಲಿತ್ತು, ಅದರ ಹೆಸರಲ್ಲಿ ಅವಳ ಮಾವ ಕಳ್ಳನಾಗಿದ್ದ.

ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ಮೇಡಂ ಬಂದರು. ಕನ್ನಡಕ, ಚಿಕ್ಕ ಮಾತು, ಚಹಾ ಕೊಟ್ಟರೂ ಕುಡಿಯದವರು. ಒಳಕೋಣೆಯಲ್ಲಿ ಮೇಜು ಹಾಕಿದರು. ಒಂದು ಕಡೆ ಪ್ರೊಫೆಸರ್, ಇನ್ನೊಂದು ಕಡೆ ಭಾವಮೈದ, ಗದ್ದಪ್ಪ, ಮಗಳು. ಬೀಗ ತೆರೆದವನೆಂದು ನಾನು. ಮೇಜಿನ ಹಿಂದೆ ಗಾಜಿನ ಪೆಟ್ಟಿಗೆ. ಬಿಚ್ಚಿ ತಂದ ಬ್ಯಾನರನ್ನು ಗೋಡೆಗೆ ಒರಗಿಸಿದ್ದರು. ಗೋಡೆಯ ಎತ್ತರ ಸಾಲದೆ ಅದು ಮಡಿಸಿಕೊಂಡು, ಕಣ್ಣುಗಳು ಸರಿಯಾಗಿ ನಮ್ಮ ಮುಖದ ಎದುರಿಗೆ ಬಂದಿದ್ದವು.

“ಈ ಕಣ್ಣು ನಾನೇ ಬರೆದದ್ದು ಮೇಡಂ. ಸರ್ವಿಸ್ ಅಂತ ಮಾಡಿದೆ. ಎಕ್ಸ್‌ಟ್ರಾ ಏನೂ ತಗೊಂಡಿಲ್ಲ” ಎಂದ ಗದ್ದಪ್ಪ.

ಪ್ರೊಫೆಸರ್ ನಕ್ಕರು. “ಇವನು? ಈ ನೋಟವನ್ನು? ಮೇಡಂ, ನಾನು ಮೂವತ್ತು ವರ್ಷ ಶಿಲ್ಪ ನೋಡಿದವನು.”

“ಹಾಗಾದರೆ ಈಗ ಬರೆದು ತೋರಿಸಿ” ಎಂದರು ಮೇಡಂ.

ಕಂಪ್ಯೂಟರ್ ತಂದಿಟ್ಟರು. ಗದ್ದಪ್ಪ ಬೆವರುತ್ತ ಬರೆದ. ಗೂಬೆ ಬಂತು. ಅಳಿಸಿ ಮತ್ತೆ ಬರೆದ. ಬಸ್ಸು ತಪ್ಪಿಸಿಕೊಂಡ ಮನುಷ್ಯ ಬಂದ. ಇನ್ನೊಮ್ಮೆ ಬರೆದ. ಹಾಲಿನಂಗಡಿಯವಳು ಬಂದಳು. ಭಾವಮೈದ ತಲೆ ತಗ್ಗಿಸಿದ.

“ಬರ್ತಿಲ್ಲ ಮೇಡಂ. ಯೋಚನೆ ಮಾಡಿದ್ರೆ ಬರ್ತಿಲ್ಲ” ಎಂದ ಗದ್ದಪ್ಪ.

ಆಗ ಮಗಳು ಎದ್ದಳು. “ಅದು ನಮ್ಮಮ್ಮನ ಕಣ್ಣು ಮೇಡಂ.”

“ತಾಯಿಯವರ ಫೋಟೋ ಇದೆಯಾ? ಹೋಲಿಸಿ ನೋಡೋಣ.”

ಮಗಳು ಆಲ್ಬಮ್ ಕೊಟ್ಟಳು. ಮೇಡಂ ಒಂದೊಂದೇ ಹಾಳೆ ತಿರುವಿದರು. ಮುಚ್ಚಿದ ಕಣ್ಣು, ಮುಚ್ಚಿದ ಕಣ್ಣು, ಮುಚ್ಚಿದ ಕಣ್ಣು. ಕೊನೆಯಲ್ಲಿ ಗುರುತಿನ ಚೀಟಿ ಇತ್ತು. “ಇದರಲ್ಲಿ ತೆರೆದಿದೆಯಲ್ಲ?” ಎಂದರು.

“ಅದು ಕ್ಷೌರದಂಗಡಿಯವನ ತಂಗಿಯದು” ಎಂದ ಗದ್ದಪ್ಪ ಪ್ರಾಮಾಣಿಕವಾಗಿ.

ಪ್ರೊಫೆಸರ್ ಕರವಸ್ತ್ರ ಬಾಯಿಗೆ ಇಟ್ಟುಕೊಂಡು ನಗತೊಡಗಿದರು. ನನಗೆ ರೇಗಿತು. ನಗುವವರನ್ನು ಹೊಡೆಯಲು ಬರುವುದಿಲ್ಲ, ಅದೂ ಪ್ರೊಫೆಸರರನ್ನು. “ಸಾಕ್ಷಿ ತಾನೇ ಬೇಕು? ಇರಿ, ತರ್ತೀನಿ” ಎಂದು ಎದ್ದು ಹೋಗಿ ನಮ್ಮ ಬೀದಿಯ ಅಂಗಡಿಗಳ ಬಾಗಿಲು ಬಡಿದೆ. ಎಲ್ಲರನ್ನೂ ಹೊರಡಿಸಿದೆ. ಕ್ಷೌರದವನ ಜೊತೆ ಅರ್ಧ ಗಡ್ಡದ ಗಿರಾಕಿಯೂ ಬಂದ.

ಹಣ್ಣಿನ ಅಂಗಡಿಯವಳು ಮೊದಲು ಒಳಗೆ ಬಂದಳು. ಬ್ಯಾನರ್ ನೋಡಿದ್ದೇ ಕೈ ಬಾಯಿಗೆ ಹೋಯಿತು. “ಇವಳೇ! ಕೊಳೆತ ಹಣ್ಣೊಂದನ್ನ ನಾನು ತಕ್ಕಡಿಗೆ ಸೇರಿಸಿದ್ರೆ ಜಗಳ ಆಡ್ತಿರಲಿಲ್ಲ ಮೇಡಂ. ಹೀಗೇ ನೋಡ್ತಿದ್ಲು. ನಾನೇ ತೆಗೆದು ಆಚೆ ಇಡ್ತಿದ್ದೆ.”

“ಅಮ್ಮಾ, ನಿಧಾನ” ಎಂದರು ಮೇಡಂ.

ಕ್ಷೌರದವನು ಬಂದ. ತಮಾಷೆಯ ಮನುಷ್ಯ. ಕಣ್ಣುಗಳ ಎದುರು ನಿಂತು ಏನೂ ತಮಾಷೆ ಮಾಡಲಿಲ್ಲ. “ನಮ್ಮಮ್ಮ ಹೋದ ದಿನ ಇವರು ಬಂದು ಎದುರಿಗೆ ಕೂತಿದ್ರು. ಒಂದು ಮಾತಿಲ್ಲ. ಹೀಗೆ ನೋಡ್ಕೊಂಡು ಕೂತಿದ್ರು ಅಷ್ಟೆ” ಎಂದು ಹೇಳಿ, ಗಿರಾಕಿಯ ಗಡ್ಡದ ಸೋಪು ಒಣಗುತ್ತಿದೆಯೆಂಬ ನೆಪ ಹೇಳಿ ಹೊರಗೆ ಹೋದ.

ನನ್ನ ಹೆಂಡತಿ ಬಂದಳು. “ಇವಳ ಹತ್ರ ಲಂಗ ಹೊಲಿಸೋಕೆ ಅಳತೆ ಕೊಡುವಾಗ ನಾನು ಹೊಟ್ಟೆ ಒಳಗೆ ಎಳ್ಕೋತಿದ್ದೆ. ಟೇಪು ಹಿಡ್ಕೊಂಡು ಹೀಗೇ ನೋಡ್ತಿದ್ಲು, ನಾನು ಉಸಿರು ಬಿಡೋವರೆಗೂ” ಎಂದವಳು ನಗಲು ಹೋಗಿ ಅತ್ತುಬಿಟ್ಟಳು.

ಮೇಡಂ ನನ್ನ ಕಡೆ ನೋಡಿದರು. ನಾನೂ ಹೇಳಿದೆ. ಅವಳು ಸ್ಟುಡಿಯೋದ ಬಾಗಿಲಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿರುತ್ತಿದ್ದಳು. ನಾನು ಗಿರಾಕಿಗಳ ಮೇಲೆ ಕೂಗಾಡುವಾಗ ಯಂತ್ರದ ಸದ್ದು ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಈ ಕಣ್ಣು. ನನ್ನ ದನಿ ತಾನಾಗಿ ಇಳಿಯುತ್ತಿತ್ತು. ಈಗ ಇಳಿಯುವುದಿಲ್ಲ, ಗಿರಾಕಿಗಳೂ ಕಡಿಮೆಯಾಗಿದ್ದಾರೆ.

ಪ್ರೊಫೆಸರ್ ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡಿದ್ದರು.

“ನೀವು ಯಾಕೆ ಬ್ಯಾನರ್ ಇಳಿಸಲಿಲ್ಲ?” ಮೇಡಂ ಭಾವಮೈದನನ್ನು ಕೇಳಿದರು.

“ನಮ್ಮಕ್ಕ, ಮೇಡಂ” ಎಂದ. “ನನ್ನ ಕೈಲಿ ಹೇಗೆ ಇಳಿಸೋಕಾಗುತ್ತೆ.”

ಮೇಡಂ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ ಗದ್ದಪ್ಪನ ಕಡೆ ತಿರುಗಿದರು. “ಎಲ್ಲರೂ ಹೇಳಿದರು. ನೀವು ಗಂಡ. ನೀವು ಹೇಳಿದರೆ ಮುಗಿಯಿತು. ಇದು ನಿಮ್ಮ ಹೆಂಡತಿಯ ಕಣ್ಣೇ?”

ಗದ್ದಪ್ಪ ಎದ್ದು ಬ್ಯಾನರಿನ ಹತ್ತಿರ ಹೋದ. ನೋಡಿದ. ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಬೆಳಕು ಸರಿಯಿಲ್ಲವೇನೋ ಎಂಬಂತೆ ಕೈ ಅಡ್ಡ ಹಿಡಿದು ನೋಡಿದ. ಹೌದು ಎನ್ನುವ ಒಂದು ಮಾತು ಸಾಕಿತ್ತು.

“ಗೊತ್ತಿಲ್ಲ ಮೇಡಂ” ಎಂದ.

“ಹೆಂಡ್ತಿ ಕಣ್ಣು ಗೊತ್ತಿಲ್ವೇನ್ರೀ!” ನನ್ನ ಹೆಂಡತಿ ಹಾರಿಬಿದ್ದಳು. “ಅಷ್ಟು ವರ್ಷ ಸಂಸಾರ ಮಾಡಿ!”

“ನಾನು ನೋಡಿದಾಗೆಲ್ಲ ಮುಚ್ಕೋತಿದ್ಲು” ಎಂದ ಗದ್ದಪ್ಪ. “ಸುಳ್ಳು ಹೇಳಲಾ ಮೇಡಂ? ಭಾವಮೈದ ಉಳಿಯೋ ಹಾಗಿದ್ರೆ ಹೇಳ್ತೀನಿ. ಆದ್ರೆ ನನಗೆ ಗೊತ್ತಿಲ್ಲ.”

ಮೇಡಂ ಕಡತ ಮುಚ್ಚಿದರು. “ಬೇಡ, ಕೂತ್ಕೊಳ್ಳಿ” ಎಂದರು. ಅಲ್ಲಿಯವರೆಗೆ ಮುಟ್ಟದಿದ್ದ ಚಹಾವನ್ನು ತೆಗೆದುಕೊಂಡು ಕುಡಿದರು. ಅದು ಆರಿ ತಣ್ಣಗಾಗಿತ್ತು.

ಬೀದಿಯವರ ಸಾಕ್ಷಿಯೇ ಸಾಕೆಂದು ಭಾವಮೈದನ ಅಮಾನತು ರದ್ದಾಯಿತು. ಗದ್ದಪ್ಪ ಕೊಟ್ಟ ಫೋಟೋಗಳನ್ನೆಲ್ಲ ಸುಳ್ಳು ದಾಖಲೆ ಎಂದು ತೆಗೆದುಹಾಕಿ, ಬೇರೆ ಊರಿನಿಂದ ಬೇರೆಯವರನ್ನು ಕರೆಸಿ ಮತ್ತೆ ತೆಗೆಸುವುದೆಂದಾಯಿತು. ಪ್ರೊಫೆಸರ್ ಇನ್ನೊಂದು ಲೇಖನ ಬರೆಯಲಿಲ್ಲ. ಬ್ಯಾನರಿನ ವಿಷಯ ಬಂದಾಗ ಮೇಡಂ ಎದ್ದು ನಿಂತು ಚೀಲ ಹೆಗಲಿಗೆ ಹಾಕಿಕೊಂಡು, “ಇದು ಇಲ್ಲಿರಕೂಡದು. ಯಾರು ಎಲ್ಲಿಗೆ ತಗೊಂಡು ಹೋದರು ಅಂತ ನಾನು ನೋಡಿಲ್ಲ” ಎಂದರು.

ಬ್ಯಾನರ್ ಮನೆಯ ಯಾವ ಗೋಡೆಗೂ ಹಿಡಿಸಲಿಲ್ಲ. ಅದನ್ನು ಸುತ್ತಿ ಅಟ್ಟದ ಮೇಲಿಟ್ಟು, ಅದೇ ಚಿತ್ರವನ್ನು ಸ್ಟುಡಿಯೋದಲ್ಲಿ ಚಿಕ್ಕದಾಗಿ ಪ್ರಿಂಟ್ ಹಾಕಿ ಗಾಜು ಕಟ್ಟಿಸಿದರು. ಹಳೆಯ ಮೊಳೆ ಭಾರ ತಡೆಯದೆ ಬಗ್ಗಿತು. ಹೊಸದನ್ನು ಹೊಡೆಯಲು ನನ್ನನ್ನು ಕರೆದರು.

“ಕಣ್ಣನ್ನಷ್ಟೇ ತೆಗೆದು ಅಮ್ಮನ ಫೋಟೋಕ್ಕೇ ಕೂರಿಸಿಕೊಡಲಾ?” ಎಂದು ಗದ್ದಪ್ಪ ಕೇಳಿದ.

“ಬೇಡ. ಮುಟ್ಟಬೇಡ” ಎಂದಳು ಮಗಳು.

ಹಾಗೆ ಆ ಮನೆಯ ಗೋಡೆಯ ಮೇಲೆ ಗೃಹಿಣಿಯ ಸ್ಥಾನದಲ್ಲಿ ಒಂದು ಕಲ್ಲಿನ ತಲೆ ಬಂತು. ನಾನು ಕೆಳಗಿಳಿದು ಸುತ್ತಿಗೆ ಚೀಲಕ್ಕೆ ಹಾಕುತ್ತಿದ್ದೆ. ಗದ್ದಪ್ಪ ಕುರ್ಚಿ ಎಳೆದುಕೊಂಡು ಚಿತ್ರದ ಎದುರಿಗೆ ಕೂತ. ತಲೆ ಎಡಕ್ಕೆ ವಾಲಿಸಿ ನೋಡಿದ, ಬಲಕ್ಕೆ ವಾಲಿಸಿ ನೋಡಿದ. ಯಾರದೋ ಮನೆಗೆ ಬಂದು, ಯಾರ ಪರಿಚಯವೂ ಇಲ್ಲದೆ ಕೂತವನಂತಿದ್ದ.

“ಊರಿಗೆಲ್ಲ ಗೊತ್ತು” ಎಂದ. “ಹಣ್ಣಿನವಳಿಗೆ ಗೊತ್ತು. ಈ ಬೀಗದವನಿಗೂ ಗೊತ್ತು. ನನ್ನನ್ನೂ ಯಾವತ್ತಾದ್ರೂ ಹೀಗೆ ನೋಡ್ತಿದ್ಲಾ ಮಗಳೇ?”

“ದಿನಾ ನೋಡ್ತಿದ್ಲು.”

“ಯಾವಾಗ?”

ಮಗಳು ಫೋಟೋದ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

“ನೀನು ಆ ಕಡೆ ತಿರುಗಿದ ಮೇಲೆ.”

ಗದ್ದಪ್ಪ ಎದ್ದು, ಕುರ್ಚಿಯನ್ನು ಸದ್ದಾಗದಂತೆ ಎತ್ತಿ, ಬಾಗಿಲ ಕಡೆಗೆ ತಿರುಗಿಸಿ ಇಟ್ಟ. ಚಿತ್ರಕ್ಕೆ ಬೆನ್ನು ಮಾಡಿ ಕೂತುಕೊಂಡ.